ಕೊನೆಯ ಕೊಂಬೆ ಮಾತ್ರ ಉಳಿದಿತ್ತು

ಔಷಧಿ ಪ್ರಮಾಣದ ಪುಟ ಮತ್ತೆ ಮಾಯವಾಗಿತ್ತು!

ಆಸ್ಪತ್ರೆಗೆ ಹೊರಗಿನಿಂದ ಬರುವ ಇಂಟರ್ನೆಟ್ ತೆವಳುವಂಥದ್ದು. ಅದಕ್ಕೇ ಡಾಕ್ಟರುಗಳು ಕೇಳುವ ಪುಟಗಳ ಪ್ರತಿಯನ್ನು ಪ್ರಾಕ್ಸಿ ಯಂತ್ರ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಪ್ರತಿ ಇದ್ದರೆ ಪುಟ ಥಟ್ಟನೆ ಬರುತ್ತದೆ. ಇಲ್ಲವೋ, ಕಾಯುತ್ತಾ ಕೂರಬೇಕು. ನಿನ್ನೆ ಒಂದು ಮಗು ಜ್ವರದಲ್ಲಿ ಬೇಯುತ್ತಾ ಕಾದಿತ್ತು.

ಅಪವಾದ ಬಂದದ್ದು ಯಂತ್ರ ನೋಡಿಕೊಳ್ಳುವ ಹೆಂಗಸಿನ ಮೇಲೆ. ಯಂತ್ರದ ಕೋಣೆಯ ಕೀಲಿಯನ್ನು ಆಸ್ಪತ್ರೆಯ ಮ್ಯಾನೇಜರು ಆಗಲೇ ಕಿತ್ತುಕೊಂಡಿದ್ದರು. ಸಂಜೆಯೊಳಗೆ ಕೆಲಸವೂ ಹೋಗಲಿತ್ತು.

ಪತ್ತೆಗೆಂದು ಆಸ್ಪತ್ರೆಯವರು ಕರೆಸಿದ್ದ ನನ್ನ ಚಿಕ್ಕಪ್ಪ ಕುರ್ಚಿಯಲ್ಲಿ ಕುಸಿದರು. ಇಂಥ ಪತ್ತೆಗಳಿಗೆ ಅವರ ಹಿಂದೆ ಅಲೆದೂ ಅಲೆದೂ ನನಗೂ ಸಾಕುಸಾಕಾಗಿದೆ.

"ನೀನು ಅಳಿಸಿದೆಯಾ, ತಾಯಿ?"

"ನಾನ್ಯಾಕೆ ಅಳಿಸ್ಲಿ ಸಾರ್? ಹೇಳಿ ಹೇಳಿ ಗಂಟಲು ಒಣಗಿಹೋಯ್ತು."

"ಇನ್ಯಾರು ಅಳಿಸ್ತಾರೆ? ಇವಳೇ!" ಮ್ಯಾನೇಜರು ಗುಡುಗಿದರು.

"ಜಾಗ ತುಂಬಿದ್ರೆ ಯಂತ್ರ ಯಾವುದನ್ನ ಎಸೆಯುತ್ತೆ?" ಚಿಕ್ಕಪ್ಪ ಆಕೆಯನ್ನೇ ಕೇಳಿದರು.

"ಎಲ್ಲಕ್ಕಿಂತ ಹೆಚ್ಚು ಹೊತ್ತಿಂದ ಯಾರೂ ಕೇಳದೇ ಇರೋ ಪುಟಾನ," ಎಂದಳು ಆಕೆ. "ಇದನ್ನ ದಿನವಿಡೀ ಕೇಳ್ತಾರೆ ಸಾರ್. ಆದ್ರೂ ಊಟದ ಹೊತ್ತು ಕಳೆದ ಮೇಲೆ ಇರೋದೇ ಇಲ್ಲ."

ಚಿಕ್ಕಪ್ಪ ನಿಟ್ಟುಸಿರುಬಿಟ್ಟರು. "ಹೋದದ್ದು ಹಾಗಿರ್ಲಿ. ಉಳಿದದ್ದೇನು, ತೋರ್ಸು."

ವಾಹನ ನಿಲುಗಡೆ ನಿಯಮ, ಹಳೇ ರಜೆಗಳು, ಸಿಬ್ಬಂದಿ ವರ್ಗಾವಣೆ — ನಾಯಿಯೂ ಮೂಸದ ಪುಟಗಳು! ಈ ಪುಟಗಳೆಲ್ಲ ಇದ್ದ ಆಸ್ಪತ್ರೆಯ ಜಾಲತಾಣವನ್ನು ಮರದಂತೆ ಜೋಡಿಸಿದ್ದರು: ವಿಭಾಗಕ್ಕೊಂದು ಕೊಂಬೆ, ಪುಟಕ್ಕೊಂದು ಎಲೆ. ಉಳಿದದ್ದೆಲ್ಲ ಕಟ್ಟಕಡೆಯ ಕೊಂಬೆ, ಆಡಳಿತದ್ದು. ಒಂದೆಲೆಯೂ ತಪ್ಪಿರಲಿಲ್ಲ.

"ವರ್ಗಾವಣೆ ಪುಟ ಯಾರ ಕಂಪ್ಯೂಟರಲ್ಲಿ ತೆರೆಯುತ್ತೆ?"

"ಮ್ಯಾನೇಜರ್ ಸಾರ್‌ದ್ರಲ್ಲಿ ಮಾತ್ರ."

"ಊಟದ ಹೊತ್ತಲ್ಲಿ ಅದು ಏನ್ಮಾಡುತ್ತೆ, ಮ್ಯಾನೇಜರೇ?"

"ಏನಿಲ್ಲ… ತಪಾಸಣೆ. ಪುಟಗಳೆಲ್ಲ ಇದಾವಾ ಅಂತ ಒಂದೊಂದಾಗಿ ತೆರೆದು ನೋಡುತ್ತೆ. ಒಳ್ಳೇದಕ್ಕೇ ಅಲ್ವಾ?"

"ಕಳ್ಳ ಅದೇ ಕಣ್ರೀ! ಮನುಷ್ಯರು ಯಾರೂ ಇಡೀ ಮರಾನ ಎಲೆ ಬಿಡದೆ ಓದಲ್ಲ. ನಿಮ್ಮ ತಪಾಸಣೆ ಮುಟ್ಟಿದ್ದನ್ನೆಲ್ಲ ಯಂತ್ರ ಬೇಕಾದದ್ದು ಅಂದ್ಕೊಳ್ತು. ಅದಕ್ಕೆ ಜಾಗ ಮಾಡೋಕೆ ಔಷಧಿ ಪುಟಾನ ಹೊರಗೆ ಹಾಕ್ತು. ಕೊನೇಲಿ ಮುಟ್ಟಿದ ಕೊಂಬೆ ಮಾತ್ರ ಉಳೀತು. ಮೊದಲು ಆ ತಪಾಸಣೆ ನಿಲ್ಸಿ. ಆಮೇಲೆ, ಒಂದು ಪುಟಾನ ಎಷ್ಟು ಸಲ ಕೇಳಿದ್ದಾರೆ ಅಂತಾನೂ ನೋಡಿ ಎಸೆಯೋ ಹಾಗೆ ಯಂತ್ರಕ್ಕೆ ಹೇಳಿ."

ಮ್ಯಾನೇಜರ ಮುಖ ಇಂಗು ತಿಂದ ಮಂಗನಂತಾಯಿತು. ಜೇಬಿನಿಂದ ಕೀಲಿ ತೆಗೆದು ಚಾಚಿದರು. "ತಗೋಮ್ಮಾ. ಮಗುಗೆ ಹಾಗಾಯ್ತಲ್ಲ ಅಂತ ಕೋಪದಲ್ಲಿ ಏನೋ ಅಂದ್ಬಿಟ್ಟೆ…"

ಆಕೆ ಕೈ ಚಾಚಲಿಲ್ಲ. ಕಣ್ಣು ಕೆಂಪಾಗಿತ್ತು.

"ಮೇಜಿನ ಮೇಲಿಡಿ ಸಾರ್. ಕೆಲಸ ಮಾಡ್ತೀನಿ. ನಿಮ್ಮ ಕೈಯಿಂದ ಮಾತ್ರ ತಗೊಳ್ಳಲ್ಲ."