ಕಾಯಿ ಕಟ್ಟದವರು

ಸಿಟ್ಟು ಬಂದರೆ ಮಮತಾ ಉದಯನ ಮುಖ ನೋಡುವುದಿಲ್ಲ, ಅವನ ಕಿವಿ ನೋಡುತ್ತಾಳೆ. ಹುಲಗೋಳದಾಚೆಯ ನಾಟಿ ವೈದ್ಯರ ಅಂಗಳದಲ್ಲಿ ನಿಂತು ಅವಳು ಆ ಕಿವಿಯನ್ನೇ ನೋಡುತ್ತಿದ್ದಳು.

"ಮೇಲೆ ನೋಡು ಮಾರಾಯ್ತಿ," ಎಂದ ಉದಯ.

ಸೂರಿನ ಉದ್ದಕ್ಕೂ ತೆಂಗಿನಕಾಯಿ. ಗುಣವಾದವರು ಬಂದು ಒಂದು ಕಾಯಿ ಕಟ್ಟಿಹೋಗುವುದು ಅಲ್ಲಿನ ಪದ್ಧತಿ.

"ಇಷ್ಟು ಜನ ಸುಳ್ಳು ಹೇಳ್ತಾರಾ?"

"ಗುಣ ಆಗದೇ ಇದ್ದವ್ರು ಎಂತ ಕಟ್ಟಿದಾರೆ?"

ಉದಯ ಮತ್ತೊಮ್ಮೆ ಸೂರಿನ ಕಾಯಿಗಳತ್ತ ನೋಡಿದ.

ಮಮತಾ ಸಿದ್ದಾಪುರದಲ್ಲಿ ರವಿಕೆ ಹೊಲಿಯುವವಳು. ಬೆರಳ ಗೆಣ್ಣುಗಳಿಗೆ ಸಂಧಿವಾತ. ಶಿರಸಿಯ ಡಾಕ್ಟರ ಮಾತ್ರೆಯಿಂದ ಅದು ಹತೋಟಿಯಲ್ಲಿತ್ತು. ಪೂರ್ತಿ ಬಿಟ್ಟುಹೋಗುವ ಕಾಯಿಲೆ ಅಲ್ಲವೆಂದು ಅವರು ಮೊದಲೇ ಹೇಳಿದ್ದರು. ಆದರೆ ಉದಯನ ತಾಯಿ ಅನ್ನಪೂರ್ಣವ್ವ, ಹುಡುಗಿ ಪೂರಾ ಹುಷಾರಾಗಲಿ, ಆಮೇಲೆ ಮದುವೆ ಎಂದು ಪಟ್ಟು ಹಿಡಿದಿದ್ದರು. ಅದಕ್ಕೇ ಉದಯ ಅವಳನ್ನು ಇಲ್ಲಿಗೆ ಕರೆತಂದಿದ್ದ. ವೈದ್ಯರು ಕೊಟ್ಟ ನಾಟಿ ಪುಡಿಯ ಪಥ್ಯವೋ ಬಲು ಕಟ್ಟುನಿಟ್ಟು, ಬೇರೆ ಔಷಧ ಮುಟ್ಟುವಂತಿಲ್ಲ.

"ನೀ ಕೇಳಿದ್ದು ಸರಿ," ಎಂದ ಉದಯ ಸ್ಕೂಟಿ ಹತ್ತುವಾಗ. "ಆಗದೇ ಇದ್ದವ್ರನ್ನ ಹುಡುಕ್ತೀನಿ. ಅಲ್ಲೀತನಕ ಈ ಪುಡಿ ಮುಟ್ಬೇಡ."

ಪ್ರಶ್ನೆ ಕೇಳುವುದಕ್ಕೆ ಬುದ್ಧಿ ಸಾಕು. ಆಸೆ ಬಿಡುವುದಕ್ಕೆ ಅದು ಸಾಲದು. ಮನೆಗೆ ಹೋದವಳೇ ಮಮತಾ ಮಾತ್ರೆಯನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿ, ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿದಳು.

ಉದಯ ದಿನಾ ಫೋನ್ ಮಾಡುತ್ತಿದ್ದ. "ಮಾತ್ರೆ ತಗೊಂಡ್ಯಾ?"

"ಹೂಂ."

ಮೊದಮೊದಲು ಮೈ ಹಗುರಾದಂತೆ ಅನ್ನಿಸಿತು. ಆಮೇಲೆ ಗೆಣ್ಣುಗಳು ಊದಿದವು, ಕತ್ತರಿ ಹಿಡಿಯಲಾಗಲಿಲ್ಲ. ಅವಳಿಗೆ ಭಯವಾಯಿತು. ಯಾರಿಗೆ ಹೇಳುವುದು?

ಉದಯ ಅವಳ ಹೊಲಿಗೆ ಅಂಗಡಿಗೆ ಬಂದವನು ಕೂರಲೂ ಇಲ್ಲ.

"ಕಾಯಿ ಕಟ್ಟಿದವ್ರನ್ನ ಕಂಡೆ. ಸುಳ್ಳಲ್ಲ ಅದು. ಆದ್ರೆ ಅವ್ರದ್ದೆಲ್ಲ ಉಳುಕು, ಸೊಂಟ ನೋವು. ನಿನ್ ಕಾಯಿಲೆ ಇದ್ದವ್ರು ಯಲ್ಲಾಪುರದಲ್ಲಿ ಸಿಕ್ರು, ವೆಂಕಮ್ಮ ಅಂತ. ಮಾತ್ರೆ ಬಿಟ್ಟು ಪುಡಿ ತಿಂದಿದ್ರಂತೆ. ಬೆರಳು ಸೊಟ್ಟ ಆಗಿದೆ ಮಮತಾ, ಅನ್ನ ಕಲಸಿಕೊಡೋಕೂ ಸೊಸೆ ಬೇಕು. ಎಂತಕ್ಕೆ ಯಾರಿಗೂ ಹೇಳ್ಲಿಲ್ಲ ಅಂದೆ. 'ಯಾರೂ ಕೇಳ್ಲಿಲ್ಲ ತಮಾ' ಅಂದ್ರು."

ಮಮತಾ ಕೈಗಳನ್ನು ಬಟ್ಟೆಯಡಿ ಸರಿಸಿದಳು. ಅವನು ನೋಡಿಬಿಟ್ಟ.

"ಕೈ ತೋರ್ಸು."

"ಎಂತ ಇಲ್ಲ ಹೋಗು."

"ಮಮತಾ. ತೋರ್ಸು."

ತೋರಿಸಿದಳು. ಉದಯ ಬಗ್ಗಿ ಊದಿದ ಗೆಣ್ಣುಗಳನ್ನು ನೋಡಿದ.

"ಅಷ್ಟು ಶಾಣ್ಯಾ ಪ್ರಶ್ನೆ ಕೇಳಿದವಳು ನೀನೇ ಅಲ್ವಾ?"

"ನಂಗೆ ನಿನ್ನ ಮದ್ವೆ ಆಗ್ಬೇಕಿತ್ತು!" ಎಂದು ಕೂಗಿಯೇಬಿಟ್ಟಳು ಮಮತಾ. ಪಕ್ಕದ ಅಂಗಡಿಯವರು ಇಣುಕಿದರು. ಇಣುಕಲಿ ಬಿಡಿ.

ಉದಯ ಅವಳ ಹೊಲಿಗೆ ಮಿಷನ್ನಿಗೆ ಮುಸುಕು ಹಾಕಿದ. "ಏಳು. ಶಿರಸಿಗೆ ಹೋಗುವ. ಪುಡಿ ತಿಂದಿದ್ದೂ ಡಾಕ್ಟ್ರಿಗೆ ಹೇಳ್ಬೇಕು, ಮುಚ್ಚಿಡ್ಬಾರ್ದು."

"ನಿನ್ನ ಅಮ್ಮಂಗೆ ಎಂತ ಹೇಳೂದು?"

"ಬೆಳಿಗ್ಗೆನೇ ಹೇಳಿ ಬಂದೆ. ಈ ಕಾಯಿಲೆ ಹೋಗೂದಲ್ಲ, ನಾನೂ ಹೋಗೂವನಲ್ಲ ಅಂತ."

"ಅದಕ್ಕವ್ರು?"

"ಮಾತು ಬಿಟ್ಟಿದಾರೆ. ನೀನಾದ್ರೂ ಮಾತಾಡು."

ಸ್ಕೂಟಿ ಹತ್ತಿದ ಮಮತಾ ಮೆಲ್ಲಗೆ ಹೇಳಿದಳು, "ಹಿಡ್ಕೊಳ್ಳೋಕೆ ಬೆರಳು ಮಡಚೂದಿಲ್ಲ, ಮಾರಾಯ."

ಅವನು ಅವಳ ಎರಡೂ ಮುಂಗೈಗಳನ್ನು ತನ್ನ ಸೊಂಟದ ಸುತ್ತ ಎಳೆದುಕೊಂಡು, ಅವುಗಳ ಮೇಲೆ ತನ್ನ ಎಡಗೈ ಇಟ್ಟ. ಸಿದ್ದಾಪುರದ ಪೇಟೆ ದಾಟುವವರೆಗೂ ತೆಗೆಯಲಿಲ್ಲ.