ಖಾಲಿ ಮಾಡದ ಡ್ರಾಯರ್

"ನನ್ನ ಕೋಡಲ್ಲಿ ತಪ್ಪಿಲ್ಲ. ಥ್ರೆಡ್ ಅಂದ್ರೆ ಏನು ಅಂತ ಮೊದಲು ಇವರಿಗೆ ಯಾರಾದ್ರೂ ಹೇಳಿಕೊಡಿ."

ಹನ್ನೆರಡು ಜನ ಕೂತಿದ್ದ ಸಭೆಯಲ್ಲಿ ಅವಳು ಹಾಗೆ ಅಂದೇಬಿಟ್ಟಳು. ಅಂದದ್ದು ಯಾರಿಗೆ? ಕೆಲಸಕ್ಕೆ ಸೇರಿ ಮೂರು ವಾರವೂ ಆಗದ ಒಬ್ಬನಿಗೆ. ಇಬ್ಬರ ನಡುವಿನ ಮೊದಲ ಮಾತೇ ಅದು ನೋಡಿ!

ಆಫೀಸಿನಲ್ಲಿ ಅವನನ್ನು ಪೆನ್ಸಿಲ್ ಅನ್ನುತ್ತಿದ್ದರು. ಎಲ್ಲರೂ ಪರದೆಯ ಮೇಲೆ ಓದುವ ಕೋಡನ್ನು ಅವನು ಕಾಗದದ ಮೇಲೆ ಪ್ರಿಂಟ್ ತೆಗೆದು, ಕಿವಿಯ ಮೇಲಿನ ಪೆನ್ಸಿಲ್‌ನಿಂದ ಗೀಟು ಹಾಕುತ್ತಾ ಓದುತ್ತಿದ್ದ. ಅವಳು ಮೆಮೊರಿ ಮೇಡಂ. ಆಂಬುಲೆನ್ಸ್ ಕರೆಗಳನ್ನು ನೋಡಿಕೊಳ್ಳುವ ಸರ್ವರ್‌ಗೆ ಮೆಮೊರಿ ಹಂಚುವ ಕೋಡನ್ನು ಒಬ್ಬಳೇ ಬರೆದವಳು. ಅದರ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ.

ಆ ಸರ್ವರ್ ಈಗ ದಿನಾ ಮಧ್ಯಾಹ್ನ ಮೆಮೊರಿ ಸಾಲದೆ ಕುಸಿಯುತ್ತಿತ್ತು. ಅದು ಶುರುವಾದದ್ದು ಪೆನ್ಸಿಲ್ ಬರೆದ ಭಾಗ ಸೇರಿದ ದಿನದಿಂದ. ಇನ್ನೇನು ಸಾಕ್ಷಿ ಬೇಕು?

ಅವನು ವಾದಿಸಲಿಲ್ಲ. ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಿಸಿ, ತಲೆ ತಗ್ಗಿಸಿ ಕೂತ.

ಮರುದಿನ ವಿಭಾಗದ ಮುಖ್ಯಸ್ಥರು ಅವನನ್ನು ಕೆಳಮಹಡಿಯ ಪರೀಕ್ಷಾ ಕೋಣೆಗೆ ಕಳಿಸಿದರು. ಕೆಲಸದಲ್ಲಿ ಉಳಿಸಿಕೊಳ್ಳುವುದೋ ಬೇಡವೋ, ತಿಂಗಳ ಕೊನೆಗೆ ನೋಡೋಣ ಎಂದರು.

ಅವನ ಭಾಗವನ್ನು ಅವಳೇ ಹೊಸದಾಗಿ ಬರೆದಳು. ಮಧ್ಯಾಹ್ನ ಸರ್ವರ್ ಮತ್ತೆ ಕುಸಿಯಿತು.

ಹಳೆಯ ಟಿಪ್ಪಣಿ ಏನಾದರೂ ಸಿಗಬಹುದೇನೋ ಎಂದು ಅವನು ಬಿಟ್ಟುಹೋದ ಮೇಜಿನ ಡ್ರಾಯರ್ ಎಳೆದಳು. ನಾಲ್ಕಾಗಿ ಮಡಿಸಿದ ಅದೇ ಕಾಗದ... ಬಿಡಿಸಿದರೆ ಅವಳದೇ ಕೋಡು! ಎರಡು ಸಾಲುಗಳ ನಡುವೆ ಪೆನ್ಸಿಲ್ಲಿನ ಸುತ್ತು. ಪಕ್ಕದಲ್ಲಿ ಪುಟ್ಟ ಅಕ್ಷರ: 'ಥ್ರೆಡ್ ಮುಗಿದಾಗ ಅದರ ಡ್ರಾಯರ್ ಖಾಲಿ ಮಾಡೋರು ಯಾರು?'

ಅವಳು ಆ ಎರಡು ಸಾಲುಗಳನ್ನು ಮತ್ತೆ ಓದಿದಳು.

ಸರ್ವರಿನೊಳಗೆ ಒಂದೇ ಹೊತ್ತಿಗೆ ಬೇರೆಬೇರೆ ಕೆಲಸ ಮಾಡುವ ಥ್ರೆಡ್ಡುಗಳೆಲ್ಲ ಮೆಮೊರಿಯ ಒಂದೇ ಉಗ್ರಾಣದ ಮುಂದೆ ಸಾಲು ನಿಂತು ಕಾಯಬಾರದೆಂದು ಅವಳು ಪ್ರತಿಯೊಂದಕ್ಕೂ ಅದರದೇ ಡ್ರಾಯರ್ ಕೊಟ್ಟಿದ್ದಳು. ಬೇಕಾದ ಮೆಮೊರಿಯ ತುಂಡುಗಳನ್ನು ಅದರಲ್ಲಿಟ್ಟುಕೊಂಡು ಕೆಲಸ ಮಾಡಲಿ, ಬೇರೆ ಯಾರೂ ಅದಕ್ಕೆ ಕೈ ಹಾಕದಿರಲಿ ಎಂದು. ಸರಿ, ಆ ಥ್ರೆಡ್ಡೇ ಹೊರಟುಹೋದರೆ? ಉಳಿದದ್ದನ್ನು ಉಗ್ರಾಣಕ್ಕೆ ಹಿಂದಿರುಗಿಸುವ ಸಾಲನ್ನೇ ಅವಳು ಬರೆದಿರಲಿಲ್ಲ. ಹಳೆಯ ಥ್ರೆಡ್ಡುಗಳು ದಿನವಿಡೀ ಇರುತ್ತಿದ್ದವು, ಹಾಗಾಗಿ ತಪ್ಪು ಕಾಣಲಿಲ್ಲ. ಪೆನ್ಸಿಲ್‌ನವು, ಅವಳು ಹೊಸದಾಗಿ ಬರೆದವು ಕೂಡ, ಒಂದೊಂದು ಕರೆಗೆ ಹುಟ್ಟಿ, ಕರೆಯ ಜೊತೆಗೇ ಮುಗಿಯುತ್ತಿದ್ದವು. ಪ್ರತಿಯೊಂದೂ ಯಾರಿಗೂ ಸಿಗದ ಡ್ರಾಯರೊಂದನ್ನು ಬಿಟ್ಟುಹೋಗುತ್ತಿತ್ತು.

ಕಾಗದದ ಮೇಲಿನ ತಾರೀಖು ಸಭೆಯ ದಿನದ್ದೇ. ಕೆಳಗೆ ಇನ್ನೊಂದು ಸಾಲು: 'ಅವರೊಬ್ಬರಿಗೇ ಹೇಳಬೇಕು. ಸಭೆಯಲ್ಲಿ ಬೇಡ.' ಅದರ ಕೆಳಗೊಂದು ಸಾಲನ್ನು ರಬ್ಬರಿನಿಂದ ಅಳಿಸಿದ್ದ.

ಅಂದರೆ ಅವಳ ಮಾನ ಉಳಿಸಲೆಂದೇ ಅವನು ಬಾಯಿ ಮುಚ್ಚಿಕೊಂಡಿದ್ದ. ಅವಳು? ಅವನ ಮಾನ ಹರಾಜು ಹಾಕಿದ್ದಳು.

ಹೋಗಿ ಒಪ್ಪಿಕೊಂಡಳೇ? ಇಲ್ಲ. ಬಿಟ್ಟುಹೋಗಿದ್ದ ಸಾಲನ್ನು ಸದ್ದಿಲ್ಲದೆ ಸೇರಿಸಿದಳು. ಸರ್ವರ್ ಮತ್ತೆ ಕುಸಿಯಲಿಲ್ಲ. ಮೇಡಂ ಕೈ ಹಾಕಿದ್ದೇ ತಡ ಸರಿಹೋಯಿತು ಎಂದು ಮುಖ್ಯಸ್ಥರು ಹೊಗಳಿದರು. ಅವಳು ನಕ್ಕಳು... ಹೌದು, ನಕ್ಕಳು! ಆ ನಗು ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ನಾಲ್ಕು ದಿನ ಹೀಗೇ ಕಳೆದವು. ಭಾನುವಾರ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಬಿಡಲಿಲ್ಲ. ಯಾಕೆ ಮುಖ ಹುಳ್ಳಗೆ ಮಾಡಿಕೊಂಡಿದ್ದೀಯ ಎಂದು ಕೆದಕಿ ಕೆದಕಿ ಕೇಳಿದಳು.

"ನನ್ನ ತಪ್ಪಿಗೆ ಇನ್ನೊಬ್ಬರ ತಲೆ ಮೇಲೆ ಗೂಬೆ ಕೂರಿಸಿದೀನಿ ಅತ್ತಿಗೆ."

ಎಲ್ಲ ಕೇಳಿದ ಅತ್ತಿಗೆ ಹೇಳಿದ್ದು ಒಂದೇ ಮಾತು. "ಕೂರಿಸಿದ್ದು ಎಲ್ರ ಮುಂದೆ. ಇಳಿಸೋದನ್ನ ಮೂಲೇಲಿ ಮಾಡ್ಬೇಡ ತಾಯಿ."

ಸೋಮವಾರದ ಸಭೆಯಲ್ಲಿ ಅವಳು ಆ ಕಾಗದವನ್ನು ಮೇಜಿನ ನಡುವೆ ಇಟ್ಟಳು.

"ತಪ್ಪು ನನ್ನದು. ಅವರು ಅದನ್ನ ಅವತ್ತೇ ಹಿಡಿದಿದ್ರು. ಐದು ದಿನದಿಂದ ಗೊತ್ತಿದ್ದೂ ನಾನು ಸುಮ್ಮನಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಕೊನೆಗೆ ಮುಖ್ಯಸ್ಥರು, ಪೆನ್ಸಿಲ್ ಕೆಲಸ ಖಾಯಂ, ಇನ್ನು ಮುಂದೆ ಮೇಡಂ ಬರೆದದ್ದನ್ನೂ ಅವನು ಪರಿಶೀಲಿಸಲಿ ಎಂದರು. ಆ ಸುದ್ದಿ ಹೊತ್ತು ಅವಳೇ ಮೆಟ್ಟಿಲಿಳಿದಳು.

ಹೇಳಬೇಕಾದ್ದನ್ನೆಲ್ಲ ನೆಲ ನೋಡುತ್ತಾ, ಕಣ್ಣೊರೆಸಿಕೊಳ್ಳುತ್ತಲೇ ಹೇಳಿ ಮುಗಿಸಿ, ಕಾಗದ ಚಾಚಿದಳು. "ನಿಮ್ಮ ಮುಖ ನೋಡೋಕೂ ನಾಚಿಕೆ ಆಗ್ತಿದೆ. ಇದನ್ನ ಬೇಕು ಅಂತಲೇ ಬಿಟ್ಟು ಬಂದಿದ್ರಾ?"

"ಇಲ್ಲ. ಹೊರಡೋ ಅವಸರದಲ್ಲಿ ಡ್ರಾಯರ್ ಖಾಲಿ ಮಾಡೋದು ಮರೆತೆ." ಅವನು ಸಣ್ಣಗೆ ನಕ್ಕ. "ನಿಮ್ಮ ಥ್ರೆಡ್ ಥರಾನೇ."

ಅಳುತ್ತಿದ್ದವಳಿಗೆ ನಗು ಬಂತು.

"ಅಳಿಸಿದ ಸಾಲಲ್ಲಿ ಏನಿತ್ತು?"

ಅವನು ಕಿವಿಯ ಮೇಲಿನ ಪೆನ್ಸಿಲ್ ಮುಟ್ಟಿಕೊಂಡ. "'ಬೈದ್ರೂ ಪರವಾಗಿಲ್ಲ, ಅಷ್ಟು ಹೊತ್ತು ಪಕ್ಕದಲ್ಲಿ ಕೂತಿರಬಹುದು' ಅಂತ."

ಅವಳು ಮೊದಲ ಬಾರಿ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಬೈಯಲ್ಲ. ಎಷ್ಟು ಹೊತ್ತು ಕೂರ್ಲಿ?"

"ನಿಮ್ಮ ಕೋಡ್ ಓದಿ ಮುಗಿಯೋವರೆಗೆ."

"ನಾನು ಬರೀತಾನೇ ಇರ್ತೀನಿ. ಅದು ಮುಗಿಯೋದೇ ಇಲ್ಲ."

"ಗೊತ್ತು," ಎಂದ ಅವನು.