ಎರಡು ಬಾಗಿಲ ನಡುವೆ ಸಿಕ್ಕಿದ್ದು

ಇದನ್ನು ಹೇಳುವ ಹಕ್ಕು ನನಗಿಲ್ಲ. ಆ ಮನೆಯವರು ಇನ್ನೂ ಇದ್ದಾರೆ, ತಿಳಿದರೆ ನೊಂದಾರು. ಎಲ್ಲಿ ಹೆಚ್ಚು ಹೇಳಿದೆನೋ, ಎಲ್ಲಿ ಕಡಿಮೆಯಾಯಿತೋ ಎಂಬ ಅಳುಕು ಬರೆಯುವಾಗಲೂ ಬಿಟ್ಟಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

"ಆ ಬಾಗಿಲ ಮುಂದೆ ಇನ್ನೊಂದು ಬಾಗಿಲು ಇಡಬೇಡಿ, ಅಳಿಯಂದ್ರೇ," ಎಂದರು ಅತ್ತೆ.

ಬಡಗಿಯ ಉಜ್ಜುಗೊರಡು ನಿಲ್ಲಲಿಲ್ಲ. ಅವನು ಹೆಂಡತಿಯ ತವರಿಗೆ ಬಂದು ನೆಲೆಸಿ ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ. ಆ ಮನೆಗೆ ಇದ್ದದ್ದೇ ಒಂದು ಬಾಗಿಲು, ನೇರ ಬೀದಿಗೆ. ಅದರ ಸಂದಿಯಿಂದ ನುಗ್ಗುವ ಗಾಳಿಗೆ ಮಗಳು ಗುಬ್ಬಿಯ ಎದೆ ಗೊರಗೊರ ಎನ್ನುತ್ತಿತ್ತು. ಇನ್ನೊಮ್ಮೆ ಶೀತ ಇಳಿದರೆ ಉಳಿಸುವುದು ಕಷ್ಟ ಎಂದಿದ್ದರು ಡಾಕ್ಟರು. ಅದಕ್ಕೇ ಒಂದಾಳು ನಿಲ್ಲುವಷ್ಟು ಜಾಗ ಬಿಟ್ಟು ಹೊರಗೊಂದು ಗಾಳಿಬಾಗಿಲು: ಕೆಳಗೆ ಹಲಗೆ, ಮೇಲೆ ಅಕ್ಕಪಕ್ಕ ಜಾರುವ ಎರಡು ಗಾಜು.

"ಯಾಕತ್ತೆ, ಹಳೇ ಬಾಗಿಲಿಗೆ ಹೊಟ್ಟೆಕಿಚ್ಚಾಗತ್ತಾ?"

"ನಗಬೇಡಿ. ಈ ಬಾಗಿಲಿಗೆ ಬರೋದು ನನ್ನ ಮೈದುನ ಮಾಡಿಸಿದ ಮಾಟ. ಈ ಮನೆಯ ಎಳೇ ಉಸಿರು ಬೇಕು ಅಂತ ಕಳಿಸಿದ್ದು. ನನ್ನ ಚೊಚ್ಚಲ ಮಗನ್ನ ತಗೊಂಡೇ ಹೋಯ್ತು. ಆಮೇಲೆ ಮಂತ್ರವಾದಿ ಬಂದು ಈ ಹೊಸ್ತಿಲಿಗೆ ದಿಗ್ಬಂಧನ ಹಾಕಿದ. ಈಗಲೂ ಗಾಳಿ ಎದ್ದ ಸಂಜೆ ಬರತ್ತೆ, ಬಾಗಿಲು ಮುಟ್ಟತ್ತೆ, ವಾಪಸ್ ಹೋಗತ್ತೆ. ಅದರ ದಾರಿಗೆ ಅಡ್ಡ ಕಟ್ಟಬೇಡಿ. ಸಿಕ್ಕಿಹಾಕ್ಕೊಂಡ್ರೆ, ಬಿಡಿಸಿದವರ ಮೈಗೇ ಹತ್ತತ್ತೆ."

"ಬರಲಿ ಬಿಡಿ. ಗಾಜು ಸರಿಸಿ ಒಂದು ಲೋಟ ನೀರು ಕೊಡ್ತೀನಿ."

"ಅಮ್ಮಾ, ಶುರು ಮಾಡಿದ್ಯಾ?" ಮಗುವಿನ ಬೆನ್ನು ತಟ್ಟುತ್ತಿದ್ದ ಹೆಂಡತಿ ನಕ್ಕಳು. "ಹುಟ್ಟಿದಾಗಿಂದ ಇದನ್ನೇ ಕೇಳಿ ನನ್ನ ಕಿವಿ ತೂತಾಗಿದೆ."

ಬಡಗಿ ಗಾಜು ಜಾರಲು ಚೌಕಟ್ಟಿನಲ್ಲಿ ತೋಡು ಕೊರೆದ, ತೋಡಿಗೆ ಮೇಣ ಉಜ್ಜಿದ, ಸಂದುಗಳಿಗೆಲ್ಲ ಲಪ್ಪ ತುಂಬಿದ. ಕಳ್ಳರ ಕೈಗೆ ಸಿಗಬಾರದೆಂದು ಬಾಗಿಲಿನ ಚಿಲಕ, ಗಾಜಿನ ಕೊಕ್ಕೆ ಎರಡನ್ನೂ ಒಳಮೈಗೇ ಕೂರಿಸಿದ. ಕೂದಲೆಳೆ ತೂರಲೂ ಜಾಗ ಬಿಡಲಿಲ್ಲ.

ಬಾಗಿಲು ನಿಲ್ಲಿಸಿದ ಸಂಜೆಯೇ ಮಗುವಿನ ಔಷಧಿ ಮುಗಿದಿತ್ತು. ಹೆಂಡತಿ ಸೆರಗು ಹೊದ್ದು ಹೊರಟಳು. ಅವಳು ತಿರುವು ದಾಟುವವರೆಗೂ ಅವನು ಗಾಜು ಸರಿಸಿಕೊಂಡು ನೋಡುತ್ತ ನಿಂತಿದ್ದ. ಬೀದಿಯ ಧೂಳೆದ್ದಿತು. ತಣ್ಣನೆಯದೊಂದು ಕೆನ್ನೆ ಸವರಿ ಒಳಬಂತು. ಗಾಳಿ ಎಂದುಕೊಂಡ. ಗಾಜು ಎಳೆದು ಕೊಕ್ಕೆ, ಚಿಲಕ ಎರಡೂ ಹಾಕಿ, ಒಳಗೆ ಬಂದು, ಹಳೆಯ ಬಾಗಿಲನ್ನೂ ಮುಚ್ಚಿದ.

ಮನೆಯಲ್ಲಿ ಮೊದಲ ಸಲ ಗಾಳಿಯ ಸದ್ದಡಗಿತು.

"ನೋಡಿದ್ರಾ ಅತ್ತೆ? ಒಂದು ಪಿಸುಮಾತೂ ಇಲ್ಲ."

ಅತ್ತೆಯ ಕಣ್ಣು ಹೊಸ್ತಿಲ ಮೇಲಿತ್ತು. ಬಾಗಿಲ ಅಡಿಯಿಂದ ಸುಟ್ಟ ಕೂದಲಿನ ವಾಸನೆ ತೆವಳಿಬರುತ್ತಿತ್ತು. ಆಮೇಲೆ ಸದ್ದು. ಮರದ ಮೇಲೆ ಉಗುರು. ಮೆಲ್ಲಗೆ, ಮೇಲಿಂದ ಕೆಳಗೆ.

ಬಡಗಿ ಹಳೆಯ ಬಾಗಿಲಿನ ಇಣುಕುಗಂಡಿಗೆ ಕಣ್ಣಿಟ್ಟ. ಎರಡು ಬಾಗಿಲ ನಡುವೆ ಕತ್ತಲು, ಆಚೆ ಗಾಜು. ಗಾಜಿನ ಮೇಲೆ ಮಂಜು ಹರಡಿತು. ಕರಗಿತು. ಮತ್ತೆ ಹರಡಿತು. ಯಾರೋ ಉಸಿರು ಬಿಡುತ್ತಿದ್ದರು. ಹಿಂದೆ ಗುಬ್ಬಿ ಕೆಮ್ಮಿದಳು. ಗಾಜು ಮಂಜಾಯಿತು. ಗುಬ್ಬಿ ಉಸಿರುಬಿಟ್ಟಳು. ಗಾಜು ಮಂಜಾಯಿತು. ಬಿಟ್ಟ ಉಸಿರು ಮಗುವಿಗೆ ವಾಪಸ್ ಬರುತ್ತಿರಲಿಲ್ಲ.

ಅವನ ಕೈ ಅಗಳಿಗೆ ಹೋಯಿತು.

"ತೆಗೀಬೇಡ!" ಅತ್ತೆ ಕಿರುಚಿದರು. ಬಹುವಚನ ಹಾರಿಹೋಗಿತ್ತು. "ತೆಗೆದ್ರೆ ಹೊಸ್ತಿಲಾಚೆಯಿಂದ್ಲೇ ಮಗೂ ಉಸಿರು ಪೂರ್ತಿ ಎಳ್ಕೊಳ್ಳತ್ತೆ!"

ಕೊಕ್ಕೆ, ಚಿಲಕ ಎರಡೂ ಆ ನಡುವಿನಲ್ಲೇ ಇದ್ದವು. ಅವನೇ ಕೂರಿಸಿದ್ದು. ಬೇರೆ ಬಾಗಿಲಿಲ್ಲ. ಕಿಟಕಿಗೆ ಕಂಬಿ. ಕಂಬಿ ಹಿಡಿದು ಜಗ್ಗಿದ. ಕದಲಲಿಲ್ಲ. ಗುಬ್ಬಿಯ ತುಟಿ ನೀಲಿಗಟ್ಟಿತು.

ಅಷ್ಟರಲ್ಲಿ ಹೆಂಡತಿ ಬಂದಳು, ಕೈಯಲ್ಲಿ ಔಷಧಿ ಬಾಟಲಿ.

"ಕಲ್ಲು ತಗೋ! ಗಾಜು ಒಡಿ!" ಕಿಟಕಿಯಿಂದ ಕೂಗಿದ.

"ಏನಾಯ್ತು ರೀ? ಗುಬ್ಬಿ ಎಲ್ಲಿ?"

"ಉಸಿರಿಲ್ಲ ಅವಳಿಗೆ! ಒಡಿ!"

ಅವಳು ಕಲ್ಲೆತ್ತಿದಳು. ಗಾಜಿನ ಮೇಲೆ ಮಂಜು ಹರಡಿದ್ದು ಕಂಡಳು. ಕೈ ಗಾಳಿಯಲ್ಲೇ ನಿಂತಿತು.

"ರೀ... ಒಡೆದ್ರೆ ನನಗೇನಾದ್ರೂ ಆಗತ್ತಾ?"

ಅತ್ತೆ ಹಿಂದಿನಿಂದ ಅವನ ಅಂಗಿ ಹಿಡಿದರು. ಅವರ ಇನ್ನೊಂದು ತೋಳಿನಲ್ಲಿ ಮೊಮ್ಮಗಳು. ಹೊರಗೆ ಮಗಳು. ಹಿಡಿದ ಅಂಗಿಯನ್ನು ಅವರೇ ಬಿಟ್ಟರು.

"ಏನೂ ಆಗಲ್ಲ," ಎಂದ ಬಡಗಿ.

ಗಾಜು ಒಡೆಯಿತು. ಗಾಳಿ ಹೊರಕ್ಕೆ ಚಿಮ್ಮಿತು. ಗುಬ್ಬಿ ಚೀರಿದಳು. ಆಹಾ, ತುಂಬಿದ ಎದೆಯ ಚೀರು! ಅವನು ಅಳುತ್ತ, ನಗುತ್ತ ಎರಡೂ ಬಾಗಿಲು ತೆರೆದ.

ಹೆಂಡತಿ ಹೊಸ್ತಿಲ ಮೇಲೆ ಕಾಲೆತ್ತಿದಳು. ಕಾಲು ಮುಂದೆ ಬರಲಿಲ್ಲ. ಮತ್ತೆ ಎತ್ತಿದಳು.

"ರೀ, ಒಳಗೆ ಬರೋಕಾಗ್ತಿಲ್ಲ."

ಅವಳ ಬಾಯಿಂದ ಸುಟ್ಟ ಕೂದಲಿನ ವಾಸನೆ ಬಂತು. ಗುಬ್ಬಿಯ ಉಸಿರು ತಡವರಿಸಿತು. ಅತ್ತೆ ಬಾಗಿಲು ಮುಚ್ಚಿದರು. ಮಗಳ ಮುಖದ ಮೇಲೆಯೇ ಮುಚ್ಚಿದರು.

ಗಾಳಿಬಾಗಿಲನ್ನು ಅವನು ಕಿತ್ತು ಸೌದೆ ಮಾಡಿದ. ಗುಬ್ಬಿಯ ಎದೆಯಲ್ಲಿ ಈಗ ಗೊರಗೊರ ಇಲ್ಲ. ಗಾಳಿ ಎದ್ದ ಸಂಜೆ ಹೆಂಡತಿ ಬರುತ್ತಾಳೆ. ಬಾಗಿಲು ಮುಟ್ಟುತ್ತಾಳೆ. "ಗುಬ್ಬಿ ಊಟ ಮಾಡಿದಳಾ?" ಎಂದು ಕೇಳಿ ಹೋಗುತ್ತಾಳೆ. ಎಲ್ಲಿಗೋ ಯಾರಿಗೂ ತಿಳಿಯದು.

ಕಲ್ಲು ಬೀಸುವಾಗ ಅವಳು ಗಂಡನ ಮಾತನ್ನು ನಂಬಿದ್ದಳೋ, ತಾಯಿಯ ಮಾತು ನೆನಪಿದ್ದೂ ಬೀಸಿದಳೋ, ನನಗೆ ಗೊತ್ತಿಲ್ಲ. ಬಾಗಿಲಿನ ಈಚೆ ಕೂತು ಅದನ್ನು ಕೇಳುವ ಧೈರ್ಯ ಬಡಗಿಗೂ ಇನ್ನೂ ಬಂದಿಲ್ಲ.